ದೀಪದ ಕಂಬದ ಕೆಳಗೆ ಯಾರು ನಿಲ್ಲುತ್ತಾರೆ? ‘ಲಿಲಿ ಮಾರ್ಲೇನ್’ ಹಾಡಿನ ಕುರಿತು ಆಡಿದ ಮಾತು

(ಉಪನ್ಯಾಸದ ಬರಹ ರೂಪ. ಮಾತಾಡಿದ ಧಾಟಿಯನ್ನು ಜಾಸ್ತಿ ತಿದ್ದಿಲ್ಲ. ಅಲ್ಲಿ ಮಧ್ಯೆ ಮಧ್ಯೆ ಹಾಡು ಕೇಳಿಸಿದ್ದೆ, ಇಲ್ಲಿ ಅದನ್ನು ಮಾತಿನಲ್ಲೇ ವಿವರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1941ರ ಆಗಸ್ಟ್ ತಿಂಗಳಿಂದ ಶುರು ಮಾಡುತ್ತೇನೆ. ಯುಗೊಸ್ಲಾವಿಯಾದ ರಾಜಧಾನಿ ಬೆಲ್ಗ್ರೇಡ್ ಜರ್ಮನ್ ಸೇನೆಯ ಕೈಗೆ ಬಂದು ನಾಲ್ಕು ತಿಂಗಳಾಗಿತ್ತು. ಅಲ್ಲಿನ ರೇಡಿಯೋ ಕೇಂದ್ರವನ್ನು ಜರ್ಮನ್ನರು ತಮ್ಮ ಸೈನಿಕರಿಗಾಗಿ ನಡೆಸತೊಡಗಿದ್ದರು. ಕಾರ್ಲ್ ಹೈಂಟ್ಸ್ ರೈಂಟ್‌ಗನ್ ಅಂತ ಒಬ್ಬ ಅಧಿಕಾರಿ ಅದರ ಮುಖ್ಯಸ್ಥ. ಪ್ರಸಾರದ ಯಂತ್ರಕ್ಕೆ ಶಕ್ತಿ ಬೇಕಾದಷ್ಟಿತ್ತು, ಹಾಕೋಕೆ ಪ್ಲೇಟುಗಳು ಮಾತ್ರ ಇರಲಿಲ್ಲ. ಹಾಗಾಗಿ ಒಬ್ಬ ಸೈನಿಕನನ್ನು ವಿಯೆನ್ನಾಗೆ ಕಳಿಸಿದರು. ಅಲ್ಲಿನ ರೇಡಿಯೋದವರು ತಮಗೆ ಬೇಡವಾದ ಒಂದಷ್ಟು ಗ್ರಾಮಫೋನ್ ಪ್ಲೇಟುಗಳನ್ನು ಕೊಟ್ಟು ಕಳಿಸಿದರು. ಅದರಲ್ಲಿ ಎರಡು ವರ್ಷ ಹಳೆಯದೊಂದು ಪ್ಲೇಟು. ಅಂಗಡಿಗಳಲ್ಲಿ ಸೋತು ಮೂಲೆ ಸೇರಿದ್ದು. ಸುಮಾರು 700 ಪ್ರತಿ ಖರ್ಚಾಗಿತ್ತು ಅಂತಾರೆ, ಅಷ್ಟೇ.

ಆ ಪ್ಲೇಟನ್ನು ರೇಡಿಯೋದಲ್ಲಿ ಹಾಕಿದರು. ಬೇರೆ ಪ್ಲೇಟು ಕಮ್ಮಿ ಇದ್ದದ್ದರಿಂದ ಮತ್ತೆ ಮತ್ತೆ ಹಾಕಿದರು. ಸ್ವಲ್ಪ ಕಾಲ ನಿಲ್ಲಿಸಿದಾಗ ರಣರಂಗದ ಕಡೆಯಿಂದ ಪತ್ರಗಳು ಬರತೊಡಗಿದವು, ಆ ಹಾಡು ಎಲ್ಲಿ, ಅದನ್ನು ಹಾಕಿ ಅಂತ. ಆಮೇಲೆ ಅದಕ್ಕೊಂದು ಹೊತ್ತು ಗೊತ್ತಾಯಿತು. ದಿನಾ ರಾತ್ರಿ 9 ಗಂಟೆ 57 ನಿಮಿಷ, ಪ್ರಸಾರ ಮುಗಿಯುವ ಮೊದಲು, ಲಾಲೆ ಆಂಡರ್ಸನ್ ಎಂಬ ಗಾಯಕಿ ಹಾಡಿದ ಸುಮಾರು ಮೂರು ನಿಮಿಷದ ಹಾಡು. ನಾವು ಈಗ ‘ಲಿಲಿ ಮಾರ್ಲೇನ್’ ಅಂತ ಕರೆಯುವ ಹಾಡು.

ರಾತ್ರಿ ಹೊತ್ತು ಮಧ್ಯಮ ತರಂಗದ ರೇಡಿಯೋ ಅಲೆಗಳು ಆಕಾಶದ ಮೇಲುಪದರಕ್ಕೆ ತಾಗಿ ವಾಪಸ್ ನೆಲಕ್ಕೆ ಬೀಳುತ್ತವೆ, ಅದಕ್ಕೇ ಹಗಲಿಗಿಂತ ಎಷ್ಟೋ ಪಟ್ಟು ದೂರ ಹೋಗುತ್ತವೆ. ಹಾಗಾಗಿ ಬೆಲ್ಗ್ರೇಡಿನಲ್ಲಿ ತಿರುಗುತ್ತಿದ್ದ ಪ್ಲೇಟು ಉತ್ತರದಲ್ಲಿ ನಾರ್ವೆಯವರೆಗೂ, ದಕ್ಷಿಣದಲ್ಲಿ ಮೆಡಿಟರೇನಿಯನ್ ಸಮುದ್ರ ದಾಟಿ ಲಿಬಿಯಾದ ಮರಳುಗಾಡಿನವರೆಗೂ ಕೇಳಿಸುತ್ತಿತ್ತು. ಅಲ್ಲಿ ಜರ್ಮನ್ ಸೇನಾಪತಿ ರೊಮೆಲ್‌ನ ಆಫ್ರಿಕಾ ಕೋರ್ ಎಂಬ ಪಡೆ ಇತ್ತು. ಎದುರಿಗೆ ಬ್ರಿಟಿಷರ ಎಂಟನೇ ಸೇನೆ. ಎಂಟನೇ ಸೇನೆ ಅಂದರೆ ಇಂಗ್ಲಿಷರು ಮಾತ್ರ ಅಂದುಕೊಳ್ಳಬೇಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾದವರು ಇದ್ದರು, ಭಾರತದ 4ನೇ ಡಿವಿಜನ್ ಇತ್ತು. ರೇಡಿಯೋ ಅಲೆಗೆ ಗಡಿ ಗೊತ್ತಿಲ್ಲವಲ್ಲ. ಜರ್ಮನ್ ಸೈನಿಕರಿಗೆ ಅಂತ ಹಾಕಿದ ಹಾಡನ್ನು ಈ ಕಡೆಯವರೂ ಸೆಟ್ಟು ತಿರುಗಿಸಿ ಕೇಳತೊಡಗಿದರು. ಕೇಳಿದ್ದಷ್ಟೇ ಅಲ್ಲ, ಅರ್ಥ ಗೊತ್ತಿಲ್ಲದಿದ್ದರೂ ಜರ್ಮನ್ ಭಾಷೆಯಲ್ಲೇ ಗುನುಗತೊಡಗಿದರು.

ಇಲ್ಲಿವರೆಗಿನ ಕತೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಇದನ್ನು ಸಾಮಾನ್ಯವಾಗಿ ‘ಶತ್ರುಗಳನ್ನು ಒಂದು ಮಾಡಿದ ಹಾಡು’ ಅಂತ ಹೇಳಿ ಮುಗಿಸಿಬಿಡುತ್ತಾರೆ. ನನಗೆ ಅಷ್ಟು ಸುಲಭವಾಗಿ ಒಪ್ಪೋಕೆ ಆಗಲ್ಲ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಹಾಡಿನ ಒಳಗೆ ಹೋಗೋಣ.

ಇದರ ಮಾತು ಎರಡನೇ ಮಹಾಯುದ್ಧದ್ದೇ ಅಲ್ಲ. ಬರೆದವನು ಹಾನ್ಸ್ ಲೈಪ್. ಹ್ಯಾಂಬರ್ಗಿನ ಬಂದರು ಕಾರ್ಮಿಕನ ಮಗ, ಕಲಿತದ್ದು ಮೇಷ್ಟರ ಕೆಲಸ. 1915ರ ಏಪ್ರಿಲ್‌ನಲ್ಲಿ, ಮೊದಲ ಮಹಾಯುದ್ಧದ ಹೊತ್ತಿಗೆ, 21 ವರ್ಷದ ಲೈಪ್ ಬರ್ಲಿನ್‌ನ ಒಂದು ಬ್ಯಾರಕ್ಕಿನಲ್ಲಿ ರಾತ್ರಿ ಪಹರೆಗೆ ನಿಂತಿದ್ದ. ರಷ್ಯಾದ ಕಡೆಯ ರಣರಂಗಕ್ಕೆ ಹೊರಡುವ ದಿನ ಹತ್ತಿರ ಬಂದಿತ್ತು. ಆಗ ಮೂರು ನುಡಿಯ ಒಂದು ಪದ್ಯ ಬರೆದ. ಅವನೇ ಮುಂದೆ ಹೇಳಿಕೊಂಡ ಪ್ರಕಾರ ಲಿಲಿ ಬೇರೆ, ಮಾರ್ಲೇನ್ ಬೇರೆ. ಎರಡು ಹುಡುಗಿಯರ ಹೆಸರು ಪದ್ಯದಲ್ಲಿ ಸೇರಿ ಒಬ್ಬಳಾದಳು.

ಆ ಮೂರು ನುಡಿಯಲ್ಲಿ ಏನಿದೆ? ಬ್ಯಾರಕ್ಕಿನ ದೊಡ್ಡ ಬಾಗಿಲ ಮುಂದೆ ಒಂದು ದೀಪದ ಕಂಬ. ಅದು ಇನ್ನೂ ಅಲ್ಲೇ ಇದ್ದರೆ ನಾವು ಮತ್ತೆ ಅಲ್ಲೇ ಸಿಗೋಣ ಅಂತಾನೆ ಹುಡುಗ. ಎರಡನೇ ನುಡಿಯಲ್ಲಿ ಇಬ್ಬರ ನೆರಳು ಸೇರಿ ಒಂದೇ ಆಗಿ ಕಂಡಿತು, ನಮ್ಮ ಪ್ರೀತಿ ನೋಡಿದವರಿಗೆಲ್ಲ ಗೊತ್ತಾಯಿತು ಅಂತಾನೆ. ಮೂರನೆಯದರಲ್ಲಿ ಪಹರೆಯವನು ಕೂಗುತ್ತಾನೆ. ರಾತ್ರಿ ಒಳಗೆ ಬನ್ನಿ ಅಂತ ಕಹಳೆ ಊದುತ್ತಿದೆ, ತಡ ಮಾಡಿದರೆ ಮೂರು ದಿನದ ಶಿಕ್ಷೆ. ಬಂದೆ ಮಾರಾಯಾ ಅಂತ ಹುಡುಗ ಓಡುತ್ತಾನೆ. ನಿನ್ನ ಜೊತೆ ಹೋಗಬೇಕು ಅಂತ ಎಷ್ಟು ಆಸೆ ಇತ್ತು ಅಂತ ಹೇಳಿ ಅಲ್ಲಿಗೆ ನಿಲ್ಲುತ್ತದೆ. ಅಷ್ಟೇ. ವಯಸ್ಸಿನ ಹುಡುಗನ ಪದ್ಯ. ಅದರಲ್ಲಿ ಇರುವ ದೊಡ್ಡ ಕಷ್ಟ ಅಂದರೆ ಮೂರು ದಿನದ ಶಿಕ್ಷೆ.

ಲೈಪ್ ಯುದ್ಧಕ್ಕೆ ಹೋದ, ಜೀವ ಉಳಿಸಿಕೊಂಡು ಬಂದ, ಬರಹಗಾರನಾದ. 1937ರಲ್ಲಿ ಈ ಪದ್ಯವನ್ನು ಒಂದು ಸಂಕಲನದಲ್ಲಿ ಸೇರಿಸಿ ಅಚ್ಚು ಹಾಕಿಸಿದಾಗ ಅದರಲ್ಲಿ ಮೂರರ ಬದಲು ಐದು ನುಡಿ ಇದ್ದವು. ಈ ಕೊನೆಯ ಎರಡು ನುಡಿಯ ಹತ್ತಿರ ನಾನು ಸ್ವಲ್ಪ ಹೊತ್ತು ನಿಲ್ಲಬೇಕು, ಯಾಕೆಂದರೆ ಹಾಡಿನ ಜೀವ ಇರೋದೇ ಅಲ್ಲಿ.

ನಾಲ್ಕನೇ ನುಡಿಯಲ್ಲಿ ಹುಡುಗ ದೂರ ಹೋಗಿದ್ದಾನೆ. ದೀಪದ ಕಂಬ ದಿನಾ ಸಂಜೆ ಉರಿಯುತ್ತದೆ. ಅದಕ್ಕೆ ನಿನ್ನ ಹೆಜ್ಜೆ, ನಿನ್ನ ನಡಿಗೆ ಚೆನ್ನಾಗಿ ಗೊತ್ತು, ಆದರೆ ನನ್ನನ್ನು ಅದು ಯಾವತ್ತೋ ಮರೆತಿದೆ ಅಂತಾನೆ. ಗಮನಿಸಿ, ಹುಡುಗಿ ಮರೆತಳು ಅಂತ ಹೇಳೋ ಧೈರ್ಯ ಅವನಿಗಿಲ್ಲ. ಕಂಬ ಮರೆತಿದೆ ಅಂತಾನೆ. ಆಮೇಲೆ ತಡೆಯೋಕೆ ಆಗದೆ ಕೇಳಿಯೇ ಬಿಡುತ್ತಾನೆ: ನನಗೇನಾದರೂ ಆಗಿಬಿಟ್ಟರೆ ಆ ಕಂಬದ ಕೆಳಗೆ ನಿನ್ನ ಜೊತೆ ಯಾರು ನಿಲ್ಲುತ್ತಾರೆ?

ಐದನೇ ನುಡಿಯಲ್ಲಿ ಆ ‘ಏನಾದರೂ’ ಆಗಿಹೋಗಿದೆ. ಅದನ್ನು ಎಲ್ಲೂ ಬಾಯಿಬಿಟ್ಟು ಹೇಳುವುದಿಲ್ಲ. ಸದ್ದಿಲ್ಲದ ಜಾಗದಿಂದ, ಮಣ್ಣಿನ ಆಳದಿಂದ, ನಿನ್ನ ತುಟಿಯ ನೆನಪು ನನ್ನನ್ನು ಕನಸಿನ ಹಾಗೆ ಮೇಲಕ್ಕೆತ್ತುತ್ತದೆ ಅಂತಾನೆ. ರಾತ್ರಿ ಮಂಜು ಸುತ್ತಿಕೊಂಡಾಗ ನಾನು ಮತ್ತೆ ಆ ಕಂಬದ ಹತ್ತಿರ ನಿಂತಿರುತ್ತೇನೆ, ಮೊದಲಿನ ಹಾಗೇ. ಅಂದರೆ ಈಗ ಮಾತಾಡುತ್ತಿರುವವನು ಸತ್ತವನು. ಮೊದಲ ನುಡಿಯಲ್ಲಿ ‘ಮತ್ತೆ ಸಿಗೋಣ’ ಅಂದ ಮಾತನ್ನು ಅವನು ನಡೆಸಿಕೊಡುತ್ತಿದ್ದಾನೆ, ಆದರೆ ಮಣ್ಣಿನಿಂದ ಎದ್ದು ಬಂದು.

21ರ ವಯಸ್ಸಿನಲ್ಲಿ ಬರೆದದ್ದು ಅಗಲಿಕೆ. ಯುದ್ಧ ನೋಡಿ ಬಂದವನು, 40 ದಾಟಿದವನು, ಅದಕ್ಕೆ ಮರೆವು ಮತ್ತು ಸಾವು ಎರಡನ್ನೂ ಸೇರಿಸಿದ. ಎರಡು ವಯಸ್ಸಿನ ಒಬ್ಬನೇ ಮನುಷ್ಯ ಬರೆದ ಹಾಡು ಅನ್ನೋದನ್ನು ನಾವು ನೆನಪಿಟ್ಟುಕೊಳ್ಳಬೇಕು. ಹಾಡು ಎಲ್ಲೂ ದೇಶದ ಹೆಸರು ಎತ್ತುವುದಿಲ್ಲ. ಶತ್ರು ಇಲ್ಲ, ಬಾವುಟ ಇಲ್ಲ, ಗೆಲುವು ಇಲ್ಲ. ರಾಜನೂ ಇಲ್ಲ, ನಾಯಕನೂ ಇಲ್ಲ. ಇರುವ ಒಂದೇ ಚಿಂತೆ ಅಂದರೆ ನನ್ನ ಜಾಗದಲ್ಲಿ ಇನ್ಯಾರೋ ನಿಂತಿರುತ್ತಾರೆ ಅನ್ನೋದು. ಈ ಚಿಂತೆಗೆ ಸಮವಸ್ತ್ರದ ಬಣ್ಣ ಇಲ್ಲ. ಮನೆಯಿಂದ ಪತ್ರ ಬಂದು ತಿಂಗಳಾದ ಯಾವ ಸೈನಿಕನಿಗೂ ಅದು ಇದ್ದೇ ಇರುತ್ತದೆ, ಅಲ್ವಾ?

ಇನ್ನು ಧಾಟಿ. 1938ರಲ್ಲಿ ನಾರ್ಬರ್ಟ್ ಶುಲ್ಟ್ಸೆ ಎಂಬ ಸಂಗೀತಗಾರ ಇದಕ್ಕೆ ರಾಗ ಹಾಕಿದ. ಅದಕ್ಕೂ ಮೊದಲು ರುಡಾಲ್ಫ್ ಜಿಂಕ್ ಎಂಬಾತ ಬೇರೊಂದು ರಾಗ ಹಾಕಿದ್ದ, ಅದನ್ನೂ ಲಾಲೆ ಆಂಡರ್ಸನ್ ಹಾಡುತ್ತಿದ್ದಳು, ಆದರೆ ಉಳಿದದ್ದು ಶುಲ್ಟ್ಸೆಯ ರಾಗ. ಧ್ವನಿಮುದ್ರಣ ಆದದ್ದು 1939ರ ಆಗಸ್ಟ್ 2ರಂದು. ಸೆಪ್ಟೆಂಬರ್ 1ಕ್ಕೆ ಜರ್ಮನಿ ಪೋಲೆಂಡ್ ಮೇಲೆ ದಾಳಿ ಮಾಡಿತು. ಶಾಂತಿಕಾಲದ ಕೊನೆಯ ತಿಂಗಳಲ್ಲಿ, ಹೆಚ್ಚು ಜನ ಗಮನಿಸದೇ ಹುಟ್ಟಿದ ಪ್ಲೇಟು ಇದು.

ನೀವು ಕೇಳಿದ್ರಲ್ಲ, ಪ್ಲೇಟು ಶುರುವಾಗೋದೇ ಕಹಳೆಯಿಂದ. ಮೂರನೇ ನುಡಿಯಲ್ಲಿ ಬರುವ ಆ ಒಳಗೆ ಬನ್ನಿ ಅನ್ನೋ ಕಹಳೆಯೇ ಇದು. ಸೈನಿಕನ ಮೈಗೆ ಕಹಳೆ ಅಂದರೆ ಆಜ್ಞೆ, ಕೇಳಿದ ತಕ್ಷಣ ಬೆನ್ನು ನೆಟ್ಟಗಾಗುತ್ತದೆ. ಅದು ಮುಗಿಯುತ್ತಿದ್ದ ಹಾಗೇ ತಗ್ಗಿದ ದನಿಯ ಒಬ್ಬ ಹೆಂಗಸು ಹಾಡತೊಡಗುತ್ತಾಳೆ. ಹಿಂದೆ ಗಂಡಸರ ಮೇಳ. ತಾಳ ನಡಿಗೆಯದ್ದು, ಆದರೆ ಕವಾಯತಿನ ನಡಿಗೆಯಲ್ಲ, ಪಹರೆ ಮುಗಿಸಿ ವಾಪಸ್ ಬರುವವನ ನಡಿಗೆ. ಪ್ರತಿ ನುಡಿಯ ಕೊನೆಗೂ ಅದೇ ಹೆಸರು ಬರುತ್ತದೆ, ಆ ಸಾಲನ್ನು ಎರಡು ಸಲ ಹಾಡುತ್ತಾರೆ. ಜರ್ಮನ್ ಒಂದಕ್ಷರ ಬರದವನೂ ಕೊನೆಗೆ ಬಂದು ‘ಲಿಲಿ ಮಾರ್ಲೇನ್’ ಅಂತ ದನಿ ಸೇರಿಸಬಹುದು. ಬ್ರಿಟಿಷ್ ಸೈನಿಕರು ಹಾಡಿಗೆ ಒಳಗೆ ಹೋದದ್ದು ಈ ಬಾಗಿಲಿನಿಂದ ಅಂತ ನನಗನ್ನಿಸುತ್ತದೆ.

ಇನ್ನೊಂದು ಸಂಗತಿ ಇದೆ, ಹಾಡಿನ ಬಗ್ಗೆ ಓದುವಾಗ ಇದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಮಾತು ಗಂಡಸಿನದು, ಕಂಠ ಹೆಂಗಸಿನದು. ನನ್ನ ಜಾಗದಲ್ಲಿ ಯಾರು ನಿಲ್ಲುತ್ತಾರೆ ಅಂತ ಸೈನಿಕ ಕೇಳುತ್ತಾನೆ, ಆದರೆ ಆ ಪ್ರಶ್ನೆ ಅವನ ಕಿವಿಗೆ ಬೀಳುವುದು ಹುಡುಗಿಯ ದನಿಯಲ್ಲಿ. ಅವನ ಮನಸ್ಸಿನ ಮಾತನ್ನು, ಅವನು ಪತ್ರದಲ್ಲಿ ಬರೆಯೋಕೆ ನಾಚಿಕೊಂಡ ಮಾತನ್ನು, ಅವಳು ಅವನ ಪರವಾಗಿ ಹೇಳುತ್ತಿದ್ದಾಳೆ. ಅಂದರೆ ಅವಳಿಗೆ ಗೊತ್ತಿದೆ. ಅವಳು ಮರೆತಿಲ್ಲ. ಮಾತಿನಲ್ಲಿ ಇರುವ ಭಯಕ್ಕೆ ಕಂಠದಲ್ಲೇ ಸಮಾಧಾನ ಸಿಕ್ಕಿಬಿಡುತ್ತದೆ. ಗಂಡಸರು ಹಾಡಿದ ಮುದ್ರಣಗಳೂ ಇವೆ, ಕೇಳಿ ನೋಡಿ, ಅದು ಬರೀ ದುಃಖದ ಹಾಡಾಗುತ್ತದೆ.

9 ಗಂಟೆ 57 ನಿಮಿಷ ಅನ್ನೋದೂ ಸುಮ್ನೆ ಅಲ್ಲ. ಬೆಲ್ಗ್ರೇಡ್ ಕೇಂದ್ರ ಮನೆಯವರು ಕಳಿಸಿದ ಶುಭಾಶಯಗಳನ್ನೂ ಓದುತ್ತಿತ್ತು. ಪತ್ರ ತಲುಪೋಕೆ ವಾರಗಟ್ಟಲೆ ಹಿಡಿಯುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ದೂರದ ಮನೆಯಲ್ಲಿ ಹೆಂಡತಿಯೋ ತಾಯಿಯೋ ಅದೇ ರೇಡಿಯೋ ಮುಂದೆ ಕೂತು ಅದೇ ಮೂರು ನಿಮಿಷ ಅದೇ ದನಿ ಕೇಳುತ್ತಿದ್ದಾರೆ ಅನ್ನೋ ನಂಬಿಕೆ ಎಷ್ಟು ದೊಡ್ಡದು, ಯೋಚಿಸಿ.

ಈಗ ನಾನು ಒಪ್ಪೋಕೆ ಆಗಲ್ಲ ಅಂದೆನಲ್ಲ, ಆ ವಿಷಯಕ್ಕೆ ಬರುತ್ತೇನೆ. ಈ ಹಾಡು ಹೊರಟ ಊರು ಯಾವುದು? ಬೆಲ್ಗ್ರೇಡ್. 1941ರ ಏಪ್ರಿಲ್ 6ರಂದು ಜರ್ಮನ್ ವಿಮಾನಗಳು ಆ ಊರಿನ ಮೇಲೆ ಬಾಂಬು ಸುರಿಸಿ ಸಾವಿರಾರು ಜನರನ್ನು ಕೊಂದಿದ್ದವು. ಆ ಅಕ್ಟೋಬರ್‌ನಲ್ಲಿ ಸರ್ಬಿಯಾದ ಕ್ರಾಗುಯೆವಾಟ್ಸ್ ಊರಿನಲ್ಲಿ ಜರ್ಮನ್ ಸೈನಿಕರು 2,000ಕ್ಕೂ ಹೆಚ್ಚು ಗಂಡಸರನ್ನೂ ಹುಡುಗರನ್ನೂ ಗುಂಡಿಕ್ಕಿ ಸಾಯಿಸಿದರು, ಅದರಲ್ಲಿ ಶಾಲೆಯ ಮಕ್ಕಳೂ ಇದ್ದರು. ಬೆಲ್ಗ್ರೇಡಿನ ಎದುರಿಗೇ, ಸಾವಾ ನದಿಯ ಆಚೆ ದಡದಲ್ಲಿ, ಸಾಯ್ಮಿಶ್ಟೆ ಶಿಬಿರ. ಅಲ್ಲಿ ಕೂಡಿಹಾಕಿದ್ದ ಯಹೂದಿ ಹೆಂಗಸರನ್ನೂ ಮಕ್ಕಳನ್ನೂ 1942ರ ಮಾರ್ಚ್‌ನಿಂದ ಮೇ ತಿಂಗಳೊಳಗೆ ವಿಷಗಾಳಿಯ ಲಾರಿಗೆ ತುಂಬಿ ತುಂಬಿ ಕೊಂದರು. 6,000ಕ್ಕೂ ಹೆಚ್ಚು ಜನ. ಆ ದಿನಗಳಲ್ಲೂ ರಾತ್ರಿ ರೇಡಿಯೋದಲ್ಲಿ ದೀಪದ ಕಂಬದ ಹಾಡು ಬರುತ್ತಲೇ ಇತ್ತು.

ಇದನ್ನು ಹೇಳದೆ ಹಾಡನ್ನು ಹೊಗಳುವುದು ನನಗೆ ತಪ್ಪು ಅನ್ನಿಸುತ್ತದೆ. ಹಗಲು ಮಕ್ಕಳ ಮೇಲೆ ಗುಂಡು ಹಾರಿಸಿದವನಿಗೂ ರಾತ್ರಿ ಈ ಹಾಡು ಕೇಳಿ ಕಣ್ಣು ಒದ್ದೆಯಾಗಿರಬಹುದು. ಹಾಡು ಅವನನ್ನು ತಡೆಯಲಿಲ್ಲ. ಹಾಡಿನ ಶಕ್ತಿ ಬಹಳ ದೊಡ್ಡದು, ನಾನು ಅದನ್ನು ನಂಬುತ್ತೇನೆ, ಆದರೆ ಅದು ಮನುಷ್ಯನನ್ನು ಒಳ್ಳೆಯವನನ್ನಾಗಿ ಮಾಡುವ ಶಕ್ತಿ ಅಲ್ಲ. ಅವನಿಗೆ ತನ್ನ ಸಾವು ಕಾಣುವ ಹಾಗೆ ಮಾಡುತ್ತದೆ, ಅಷ್ಟೇ. ಬೇರೆಯವರ ಸಾವು ಕಾಣಲೇಬೇಕು ಅಂತೇನಿಲ್ಲ. ರಾಗ ಹಾಕಿದ ಶುಲ್ಟ್ಸೆಯನ್ನೇ ತೆಗೆದುಕೊಳ್ಳಿ. ಇಷ್ಟು ಮೃದುವಾದ ಧಾಟಿ ಹಾಕಿದವನೇ ಇಂಗ್ಲೆಂಡ್ ಮೇಲೆ ಬಾಂಬು ಹಾಕೋಣ ಅನ್ನೋ ಹಾಡಿಗೂ ರಾಗ ಹಾಕಿದ, ನಾಜಿಗಳ ಪ್ರಚಾರದ ಚಿತ್ರಗಳಿಗೂ ಸಂಗೀತ ಕೊಟ್ಟ. ಯುದ್ಧ ಮುಗಿದ ಮೇಲೆ ವಿಚಾರಣೆ ನಡೆದು, ದಂಡ ಕಟ್ಟಿ, 2002ರವರೆಗೆ ಬದುಕಿದ.

ಇಷ್ಟಾದರೂ ನಾಜಿ ಸರ್ಕಾರಕ್ಕೆ ಈ ಹಾಡು ಹಿಡಿಸಲಿಲ್ಲ. ಪ್ರಚಾರ ಮಂತ್ರಿ ಗೊಬೆಲ್ಸ್‌ಗೆ ಇದರ ಮೇಲೆ ಕೋಪವೇ ಇತ್ತು. ಅವನಿಗೆ ಬೇಕಾದದ್ದು ಎದೆಯುಬ್ಬಿಸುವ ಹಾಡು. ಇಲ್ಲಿ ನೋಡಿದರೆ ಕೊನೆಗೆ ಸೈನಿಕ ಸತ್ತು ದೆವ್ವವಾಗಿ ಬರುತ್ತಾನೆ! ಗೊಬೆಲ್ಸ್ ಕೋಪಕ್ಕೆ ಅರ್ಥ ಇದೆ ಅಂತಲೇ ನಾನು ಹೇಳುತ್ತೇನೆ. ಸೈನಿಕನಿಗೆ ‘ನೀನು ಸತ್ತರೆ ದೇಶ ನಿನ್ನನ್ನು ನೆನೆಯುತ್ತದೆ’ ಅಂತ ಹೇಳಿ ಕಳಿಸುವುದು ಸರ್ಕಾರದ ಕೆಲಸ. ಈ ಹಾಡು ‘ಕಂಬಕ್ಕೂ ನಿನ್ನ ನೆನಪಿಲ್ಲ’ ಅನ್ನುತ್ತದೆ. ಆದರೆ ಅಷ್ಟು ಹೊತ್ತಿಗೆ ಸೈನಿಕರಿಗೆ ಅದು ಬೇಕೇ ಬೇಕಾಗಿತ್ತು. ರೊಮೆಲ್‌ಗೂ ಇಷ್ಟ ಇತ್ತು. ಪೂರ್ತಿ ನಿಲ್ಲಿಸೋದು ಗೊಬೆಲ್ಸ್‌ಗೂ ಸುಲಭವಾಗಲಿಲ್ಲ.

ಹಾಡು ಸಿಗದಿದ್ದಾಗ ಹಾಡಿದವಳು ಸಿಕ್ಕಿದಳು. ಲಾಲೆ ಆಂಡರ್ಸನ್‌ಗೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಯಹೂದಿ ಸ್ನೇಹಿತರಿದ್ದರು. ಅವರಿಗೆ ಬರೆದ ಪತ್ರಗಳು ಅಧಿಕಾರಿಗಳ ಕೈಗೆ ಸಿಕ್ಕವು. 1942ರಲ್ಲಿ ಅವಳು ವೇದಿಕೆ ಹತ್ತದ ಹಾಗೆ ಮಾಡಿದರು. ಅವಳು ನಿದ್ದೆ ಮಾತ್ರೆ ನುಂಗಿ ಸಾಯೋಕೆ ಹೊರಟಳು, ಹೇಗೋ ಬದುಕಿಕೊಂಡಳು. ಅಷ್ಟರಲ್ಲಿ ಬಿಬಿಸಿ ರೇಡಿಯೋ ಅವಳನ್ನು ಯಾತನಾ ಶಿಬಿರಕ್ಕೆ ಹಾಕಿದ್ದಾರೆ ಅಂತ ಸುದ್ದಿ ಹೇಳಿತು. ಸುದ್ದಿ ನಿಜವಲ್ಲ. ಆದರೆ ಅದನ್ನು ಸುಳ್ಳು ಅಂತ ತೋರಿಸೋಕಾದರೂ ಅವಳು ಜನರಿಗೆ ಕಾಣಿಸಬೇಕಿತ್ತಲ್ಲ, ಹಾಗಾಗಿ ಮತ್ತೆ ಹಾಡೋಕೆ ಬಿಟ್ಟರು. ಈ ಒಂದು ಹಾಡನ್ನು ಮಾತ್ರ ಹಾಡಬಾರದು ಅಂತ ಕಟ್ಟು ಹಾಕಿದರು. ಒಂದು ಖಂಡದ ಸೈನಿಕರೆಲ್ಲ ಅವಳ ದನಿಗೆ ಕಾಯುತ್ತಿದ್ದಾಗ ಅವಳಿಗೇ ಅದನ್ನು ಹಾಡುವ ಹಕ್ಕಿರಲಿಲ್ಲ.

ಬ್ರಿಟಿಷರ ಕಡೆ ಬೇರೆ ತರದ ಪೇಚು. ನಮ್ಮ ಹುಡುಗರು ಶತ್ರುವಿನ ಭಾಷೆಯಲ್ಲಿ ಶತ್ರುವಿನ ಹಾಡು ಹಾಡಿಕೊಂಡು ತಿರುಗುತ್ತಿದ್ದಾರೆ, ಏನು ಮಾಡೋದು? ಹಾಡಬೇಡಿ ಅಂದರೆ ಕೇಳುವವರಲ್ಲ. 1944ರಲ್ಲಿ ಟಾಮಿ ಕಾನರ್ ಎಂಬ ಗೀತರಚನೆಕಾರ ಇಂಗ್ಲಿಷ್ ಮಾತು ಬರೆದುಕೊಟ್ಟ, ಆನ್ ಶೆಲ್ಟನ್, ವೀರಾ ಲಿನ್ ಅವರಂಥ ಗಾಯಕಿಯರು ಹಾಡಿದರು. ಚೆನ್ನಾಗಿದೆ, ಜನಪ್ರಿಯವೂ ಆಯಿತು. ಆದರೆ ಅದರಲ್ಲಿ ಏನು ಬಿಟ್ಟಿದ್ದಾರೆ ನೋಡಿ. ಹುಡುಗಿ ಕಾಯುತ್ತಾಳೆ, ಹುಡುಗ ಅವಳ ಕನಸು ಕಾಣುತ್ತಾನೆ. ನನ್ನ ಜಾಗದಲ್ಲಿ ಯಾರು ಅನ್ನೋ ಪ್ರಶ್ನೆಯೇ ಇಲ್ಲ. ಮಣ್ಣಿನಿಂದ ಎದ್ದು ಬರುವವನೂ ಇಲ್ಲ. ಗೊಬೆಲ್ಸ್‌ಗೆ ಬೇಡವಾದ ಸಾವು ಇವರಿಗೂ ಬೇಡವಾಗಿತ್ತು ಅಂತ ಕಾಣುತ್ತದೆ.

ಹಾಡನ್ನು ಆಯುಧ ಮಾಡಿಕೊಂಡವರೂ ಇದ್ದಾರೆ. ಲೂಸಿ ಮಾನ್‌ಹೈಮ್ ಅಂತ ಯಹೂದಿ ನಟಿ, ಹಿಟ್ಲರ್ ಬಂದ ಮೇಲೆ ಜರ್ಮನಿ ಬಿಟ್ಟು ಇಂಗ್ಲೆಂಡಿಗೆ ಬಂದವಳು. 1943ರಲ್ಲಿ ಅವಳು ಬಿಬಿಸಿಯ ಜರ್ಮನ್ ಪ್ರಸಾರದಲ್ಲಿ ಇದೇ ಧಾಟಿಗೆ ಬೇರೆ ಮಾತು ಹಾಡಿದಳು. ರಷ್ಯಾದಲ್ಲಿರುವ ಗಂಡನಿಗೆ ಹೆಂಡತಿ ಬರೆಯುವ ಪತ್ರದ ಹಾಗಿದೆ ಅದು. ಕೊನೆಗೆ ಹಿಟ್ಲರ್‌ನನ್ನು ಅದೇ ದೀಪದ ಕಂಬಕ್ಕೆ ನೇಣು ಹಾಕಿ ಅಂತ ಬರುತ್ತದೆ. ಮನೆ ಕಳೆದುಕೊಂಡವಳು ತನ್ನದೇ ಭಾಷೆಯಲ್ಲಿ ಹಾಡುವ ಆ ಸಾಲುಗಳನ್ನು ಕೇಳಿದರೆ ಮೈ ನಡುಗುತ್ತದೆ. ಸಿನಿಮಾ ನಟಿ ಮಾರ್ಲೀನ್ ಡೀಟ್ರಿಕ್‌ಳ ಹೆಸರಂತೂ ನಿಮಗೆ ಗೊತ್ತೇ ಇದೆ. ಅವಳೂ ಜರ್ಮನಿ ಬಿಟ್ಟವಳು, 1939ರಲ್ಲಿ ಅಮೆರಿಕದ ಪ್ರಜೆಯಾದಳು. ಅಮೆರಿಕದ ಗುಪ್ತಚರ ಇಲಾಖೆಗಾಗಿ, ಜರ್ಮನ್ ಸೈನಿಕರ ಮನಸ್ಸು ಕರಗಿಸಲೆಂದು, ಇದನ್ನು ಜರ್ಮನ್‌ನಲ್ಲೇ ಹಾಡಿ ಮುದ್ರಿಸಿದಳು. ಅಮೆರಿಕದ ಸೈನಿಕರ ಮುಂದೆಯೂ ಹಾಡಿದಳು.

ಆದರೆ ಇಷ್ಟೆಲ್ಲ ರೂಪಗಳಲ್ಲಿ ನನ್ನ ಮನಸ್ಸಿಗೆ ಅಂಟಿಕೊಂಡದ್ದು ಗಾಯಕರು ಮಾಡಿದ್ದಲ್ಲ, ಸೈನಿಕರೇ ಕಟ್ಟಿದ್ದು. 1943ರ ಸೆಪ್ಟೆಂಬರ್‌ನಲ್ಲಿ ಮಿತ್ರಸೇನೆ ಇಟಲಿಯ ಸಲೆರ್ನೊ ಕರಾವಳಿಯಲ್ಲಿ ಇಳಿಯಿತು. ಅಲ್ಲಿಂದ ಬೆಟ್ಟ, ನದಿ, ಕೆಸರು ದಾಟಿ ಮೇಲಕ್ಕೆ ಹೋಗಬೇಕು. ಕಸಿನೊ ಬೆಟ್ಟ ಒಂದಕ್ಕೇ 1944ರ ಜನವರಿಯಿಂದ ಮೇವರೆಗೆ ನಾಲ್ಕು ಸಲ ದೊಡ್ಡ ಕದನ ಆಯಿತು. ಭಾರತದ 4, 8 ಮತ್ತು 10ನೇ ಡಿವಿಜನ್‌ಗಳೂ ಈ ಇಟಲಿ ಯುದ್ಧದಲ್ಲಿದ್ದವು. ಕೊನೆಗೂ ಜೂನ್ 4ಕ್ಕೆ ರೋಮ್ ಸಿಕ್ಕಿತು. ಎರಡೇ ದಿನಕ್ಕೆ, ಜೂನ್ 6ರಂದು, ಫ್ರಾನ್ಸಿನ ನಾರ್ಮಂಡಿಯಲ್ಲಿ ಡಿ-ಡೇ, ಅಂದರೆ ಮಿತ್ರಸೇನೆ ಅಲ್ಲಿನ ದಡಕ್ಕಿಳಿದ ದಿನ. ಪತ್ರಿಕೆಗಳ ಕಣ್ಣೆಲ್ಲ ಆ ಕಡೆ ತಿರುಗಿತು. ಇಟಲಿಯಲ್ಲಿ ಸಾಯುತ್ತಿದ್ದವರು ಎರಡೇ ದಿನದಲ್ಲಿ ಹಳೇ ಸುದ್ದಿಯಾದರು. ಅದರ ಮೇಲೆ ಒಂದು ಗಾಳಿಮಾತು ಬೇರೆ ಹಬ್ಬಿತು: ಬ್ರಿಟಿಷ್ ಸಂಸತ್ತಿನ ಸದಸ್ಯೆ ನ್ಯಾನ್ಸಿ ಆಸ್ಟರ್ ಇಟಲಿಯಲ್ಲಿರುವವರನ್ನು ‘ಡಿ-ಡೇ ತಪ್ಪಿಸಿಕೊಂಡವರು’ ಅಂತ ಕರೆದಳಂತೆ. ತಾನು ಹಾಗೆ ಅನ್ನಲೇ ಇಲ್ಲ ಅಂತ ಅವಳು ಹೇಳಿದಳು. ಆದರೆ ಮಾತು ಸೈನಿಕರ ಎದೆಗೆ ನಾಟಿಯಾಗಿತ್ತು.

ಅವರು ಅದಕ್ಕೆ ಉತ್ತರವಾಗಿ ಹಾಡು ಕಟ್ಟಿದರು, ಧಾಟಿ ಅದೇ ಲಿಲಿ ಮಾರ್ಲೇನ್. ಹೌದು, ನಾವೇ ಡಿ-ಡೇ ತಪ್ಪಿಸಿಕೊಂಡವರು, ಇಟಲಿಯಲ್ಲಿ ಮಜಾ ಮಾಡುತ್ತಿದ್ದೇವೆ ಅಂತ ಶುರು. ಸಲೆರ್ನೊದಲ್ಲಿ ಇಳಿದದ್ದು ಸಂಬಳ ಸಹಿತ ರಜೆ, ಜರ್ಮನ್ನರು ಬ್ಯಾಂಡು ಬಾರಿಸಿ ಸ್ವಾಗತಿಸಿದರು, ಚಹಾ ಕೊಟ್ಟು ಊರು ತೋರಿಸಿದರು ಅಂತೆಲ್ಲ ಹೇಳುತ್ತಾ ಹೋಗುತ್ತದೆ. ಒಂದೊಂದು ಊರಿನ ಹೆಸರೂ ಒಂದೊಂದು ಕದನದ ಹೆಸರು. ಹಾಡುವವರಿಗೆ ಅದು ಗೊತ್ತು, ಕೇಳುವವರಿಗೂ ಗೊತ್ತು. ಕೊನೆಯ ನುಡಿಗೆ ಬಂದಾಗ ಕುಹಕ ಪೂರ್ತಿ ಬಿದ್ದುಹೋಗುತ್ತದೆ. ಮಳೆ ಕೆಸರಿನ ಬೆಟ್ಟಗಳ ಕಡೆ ನೋಡಿ, ಅಲ್ಲಿ ಚೆಲ್ಲಿದ ಹಾಗೆ ಶಿಲುಬೆಗಳಿವೆ, ಕೆಲವಕ್ಕೆ ಹೆಸರೂ ಇಲ್ಲ, ಅದರ ಕೆಳಗೆ ಮಲಗಿದವರೂ ಡಿ-ಡೇ ತಪ್ಪಿಸಿಕೊಂಡವರೇ, ಅವರು ಇಟಲಿಯಲ್ಲೇ ಉಳಿಯುತ್ತಾರೆ ಅಂತ ಮುಗಿಯುತ್ತದೆ.

ಇಲ್ಲಿ ಏನಾಯಿತು ನೋಡಿದಿರಾ? ಹಾನ್ಸ್ ಲೈಪ್ ಬರೆದ ಕೊನೆಯ ಎರಡು ನುಡಿಯ ಭಯವನ್ನು ಲಂಡನ್ನಿನ ಸ್ಟುಡಿಯೋದಲ್ಲಿ ಕಿತ್ತುಹಾಕಿದ್ದರು. ಇಟಲಿಯ ಕೆಸರಿನಲ್ಲಿ ಅದು ತಾನಾಗಿಯೇ ವಾಪಸ್ ಬಂತು. ಈ ಸೈನಿಕರಲ್ಲಿ ಎಷ್ಟು ಜನ ಜರ್ಮನ್ ಪದ್ಯದ ಅರ್ಥ ತಿಳಿದಿದ್ದರೋ ಇಲ್ಲವೋ, ಆದರೆ ಅದೇ ಧಾಟಿಯಲ್ಲಿ ಅದೇ ದೂರು ಹೇಳಿದರು: ನಮ್ಮನ್ನು ಮರೆತಿದ್ದೀರಿ. ನಮ್ಮವರು ಮಣ್ಣಿನಲ್ಲಿದ್ದಾರೆ. ಲೈಪ್‌ನ ಸೈನಿಕ ಕನಸಿನ ಹಾಗೆ ಎದ್ದಾದರೂ ಬರುತ್ತಾನೆ, ಇವರು ಬರುವುದಿಲ್ಲ, ಅಷ್ಟೇ ವ್ಯತ್ಯಾಸ. ಯಾವ ಮಂತ್ರಿಯೂ ಬರೆಸದ, ಯಾವ ಕಂಪನಿಯೂ ದುಡ್ಡು ಕೊಡದ ಈ ನುಡಿಯೇ ನನ್ನ ಮಟ್ಟಿಗೆ ಈ ಹಾಡಿಗೆ ಸಿಕ್ಕ ಅತಿ ದೊಡ್ಡ ಗೌರವ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಒಬ್ಬರು ಕೇಳಿದರು: ಈ ಹಾಡು ಬರುವಾಗ ಎರಡೂ ಕಡೆ ಗುಂಡಿನ ಸದ್ದು ನಿಲ್ಲುತ್ತಿತ್ತು ಅಂತಾರಲ್ಲ, ನಿಜವಾ? ಇಂಥ ಕತೆಗಳನ್ನು ಬಹಳ ಜನ ಹೇಳಿದ್ದಾರೆ. ಮರಳುಗಾಡಿನ ಯುದ್ಧದಲ್ಲಿ ರಾತ್ರಿ ಹೊತ್ತು ಸಾಮಾನ್ಯವಾಗಿ ಕದನ ತಣ್ಣಗಾಗುತ್ತಿತ್ತು, ಆ ಹೊತ್ತಿಗೆ ಹಾಡು ಬರುತ್ತಿತ್ತು. ನಿಂತ ಮೇಲೆ ಹಾಡು ಕೇಳಿದರೋ, ಹಾಡಿಗಾಗಿ ನಿಲ್ಲಿಸಿದರೋ, ನೆನಪಿನಲ್ಲಿ ಇವೆರಡೂ ಕಲಸಿಹೋಗುತ್ತವೆ. ಈಜಿಪ್ಟಿನ ಎಲ್ ಅಲಮೇನ್‌ನ ದೊಡ್ಡ ಕದನ 1942ರ ಅಕ್ಟೋಬರ್ 23ರ ರಾತ್ರಿ ಶುರುವಾಯಿತು. ಸುಮಾರು ಒಂಬತ್ತೂ ಮುಕ್ಕಾಲಿಗೆ ನೂರಾರು ಬ್ರಿಟಿಷ್ ಫಿರಂಗಿಗಳು ಒಟ್ಟಿಗೆ ಸಿಡಿದವು. ಯಾವ ಹಾಡಿಗೂ ಅವು ಕಾಯಲಿಲ್ಲ.

ಇನ್ನೊಬ್ಬ ಹುಡುಗಿ ಕೇಳಿದಳು: ಯುದ್ಧ ಮುಗಿದ ಮೇಲೆ ಲಾಲೆ ಆಂಡರ್ಸನ್ ಏನಾದಳು? ಹಾಡುತ್ತಲೇ ಇದ್ದಳು. 1961ರಲ್ಲಿ, 55ನೇ ವಯಸ್ಸಿನಲ್ಲಿ, ಯೂರೋಪಿನ ದೇಶಗಳ ನಡುವಿನ ಯೂರೋವಿಷನ್ ಹಾಡಿನ ಸ್ಪರ್ಧೆಯಲ್ಲಿ ಪಶ್ಚಿಮ ಜರ್ಮನಿಯ ಪರವಾಗಿ ಹಾಡಿದಳು. 1972ರಲ್ಲಿ ವಿಯೆನ್ನಾದಲ್ಲಿ ತೀರಿಕೊಂಡಳು. ಹಾನ್ಸ್ ಲೈಪ್ 1983ರವರೆಗೆ ಇದ್ದ.

ಮನೆಗೆ ಹೋಗಿ ಕೇಳುವವರಿಗೆ ಒಂದು ಮಾತು. ಎಲ್ಲ ಅಂತರ್ಜಾಲದಲ್ಲಿ ಸಿಗುತ್ತವೆ. ಮೊದಲು ಆಂಡರ್ಸನ್‌ಳ 1939ರ ಮುದ್ರಣ ಕೇಳಿ, ಕಹಳೆ ಇರುವುದು. ಆಮೇಲೆ ಲೂಸಿ ಮಾನ್‌ಹೈಮ್. ಕೊನೆಗೆ ಇಟಲಿಯ ಸೈನಿಕರ ಹಾಡು, ಅದನ್ನು ಜಾಸ್ತಿ ವಾದ್ಯ ಇಲ್ಲದೆ ಹಾಡಿದ ಯಾವುದಾದರೂ ಒಂದು. ಡೀಟ್ರಿಕ್‌ಳದ್ದು ಎಲ್ಲಕ್ಕಿಂತ ಪ್ರಸಿದ್ಧ, ಆದರೆ ಅದನ್ನು ಮೊದಲು ಕೇಳಬೇಡಿ. ಅವಳ ದನಿ ಒಮ್ಮೆ ಕಿವಿಗೆ ಬಿದ್ದರೆ ಆಮೇಲೆ ಆಂಡರ್ಸನ್ ಬರೀ ಸಾದಾ ಅನ್ನಿಸಿಬಿಡುತ್ತಾಳೆ, ಮರಳುಗಾಡಿನಲ್ಲಿ ಅವರು ಕೇಳಿದ್ದು ಆ ಸಾದಾ ದನಿಯನ್ನೇ.